ದೀಪ ದೊಡ್ಡದು ಮಾಡು

ದೇಶಪಾಂಡೆ ನಗರ, ಹುಬ್ಬಳ್ಳಿ
೨೦ ಫೆಬ್ರುವರಿ ೨೦೨೫, ಗುರುವಾರ

ಕಪಿಲ ಅವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ, ಕಾಗದ ಬೆಳಕಿಗೆ ಹಿಡಿದರೆ ಕಾಣಿಸೀತು. ಫೋನಿನಲ್ಲಿ ನೀವು ಮಾತು ಹಾರಿಸುತ್ತೀರಿ, ನಾನು ಕೂಗಾಡುತ್ತೇನೆ. ಅದಕ್ಕೇ ಈ ಪತ್ರ.

ಇಷ್ಟು ದಿನ ತವರುಮನೆಯಲ್ಲಿ ಕೂತು ನಾನು ಮಾಡಿದ್ದು ಒಂದೇ ಕೆಲಸ, ನಿಮ್ಮ ಮೇಲೆ ಸಂಶಯಪಡುವುದು. ನನ್ನ ಜಾಗದಲ್ಲಿ ಯಾರಿದ್ದರೂ ಪಡುತ್ತಿದ್ದರು. ಜೈಸಲ್ಮೇರಿನ ಮರಳಿನಿಂದ ತಂದ ಆ ಸೂಕ್ಷ್ಮಜೀವಿಗಳನ್ನು, ಕಾಲೇಜಿನ ಪ್ರಯೋಗಾಲಯದ ರಿಪೇರಿ ಮುಗಿಯುವವರೆಗೆ, ಲಕಮನಹಳ್ಳಿಯ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಗಾಜಿನ ತಟ್ಟೆಗಳಲ್ಲಿ ಸಾಕಿದ್ದೆ. ಬೆಳಕನ್ನೇ ಉಂಡು ಬದುಕುವ ಜೀವಗಳು ಅವು. ಆದರೂ ಮರುಭೂಮಿಯ ಬಿಸಿಲು ಅವಕ್ಕೂ ಹೆಚ್ಚೇ. ಅದಕ್ಕೆ ಮೈಮೇಲೆ ಕಂದು ಬಣ್ಣದ ಹೊದಿಕೆ ಮಾಡಿಕೊಳ್ಳುತ್ತವೆ, ಮಿಕ್ಕ ಬೆಳಕನ್ನು ಶಾಖ ಮಾಡಿ ಹೊರಗೆ ಬಿಡುತ್ತವೆ, ನೀರಿಲ್ಲದಾಗ ಕೆಲಸ ನಿಲ್ಲಿಸಿ ಒಣಗಿಕೊಂಡು ಸುಮ್ಮನೆ ಬಿದ್ದಿರುತ್ತವೆ. (ನೇರ ಪ್ರಶ್ನೆ ಕೇಳಿದರೆ ನೀವು ಮಾಡುವುದೂ ಅದನ್ನೇ.) ತಿಂಗಳುಗಟ್ಟಲೆ ಮಂದ ದೀಪದಲ್ಲಿ ಹಸಿಯಾಗಿ ಬೆಳೆಸಿದ್ದರಿಂದ ಅವು ಹೊದಿಕೆ ಕಳೆದುಕೊಂಡು ಹಸಿರಾಗಿದ್ದವು, ಒಮ್ಮೆಲೇ ಜೋರು ಬೆಳಕು ಬಿದ್ದರೆ ಸಾಯುತ್ತಿದ್ದವು. ಇನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆಳಕು ಏರಿಸಿ, ಹೊದಿಕೆ ಯಾವಾಗ ಮರಳುತ್ತದೆಂದು ನೋಡುವುದಿತ್ತು. ಆ ಫಲಿತಾಂಶ ಹಿಡಿದುಕೊಂಡೇ ನಾನು ಜೋಧಪುರದ ಎರಡು ವರ್ಷದ ಕೆಲಸಕ್ಕೆ ಹೋಗಬೇಕಿತ್ತು. ಆ ಕೆಲಸ ನಿಮಗೆ ಬೇಡವಾಗಿತ್ತು.

ಗೋಕುಲ ರಸ್ತೆಯ ಮದುವೆ ಮುಗಿಸಿ ಬಂದು ನೋಡಿದರೆ ದೀಪದ ಗುಂಡಿ ಪೂರ್ತಿ ತಿರುವಿತ್ತು, ತಟ್ಟೆಗಳೆಲ್ಲ ಬಿಳಿಚಿಕೊಂಡು ಜೀವಗಳು ಸತ್ತಿದ್ದವು. ‘ಅಜ್ಜಿ ಬೆಳಕು ಹೆಚ್ಚಿಸಲು ಹೇಳಿದರು, ಹೆಚ್ಚಿಸಿದೆ’ ಎಂದಿರಿ. ಮದುವೆಮನೆಯಿಂದ ನಾನು ಮನೆಯಲ್ಲಿದ್ದ ನಿಮ್ಮ ಅಜ್ಜಿಗೆ ಫೋನ್ ಮಾಡಿ ಹೇಳಿದ್ದು, ದೀಪ ಆರಿಸಲು ನಿಮಗೆ ಹೇಳಿ ಎಂದು. ಆ ಜೀವಗಳಿಗೂ ರಾತ್ರಿ ಬೇಕಲ್ಲ! ನಿಮ್ಮೆದುರಿಗೇ ಗೋದಾಬಾಯಿ ಅಜ್ಜಿಯನ್ನು ಕೇಳಿದೆ. ‘ನೀ ಹೇಳಿದಂಗನ ಅವಗ ಹೇಳೇನಿ ನಮ್ಮವ್ವಾ, ದೇವರಾಣಿ’ ಅಂದರು. ಹೆತ್ತಪ್ಪನ ತಾಯಿಯ ಮೇಲೆ ತಪ್ಪು ಹೊರಿಸುವ ಗಂಡನ ಜೊತೆ ಇರುವುದು ಹೇಗೆ? ಅಂದೇ ಚೀಲ ತುಂಬಿಕೊಂಡು ಬಂದೆ.

ನಿನ್ನೆ ಸಂಜೆ ಪೇಟೆಗೆ ಹೊರಟಾಗ ನಮ್ಮ ಅವ್ವ ಕರೆದು, ‘ಸುರಭಿ, ದೇವರ ಮುಂದಿನ ದೀಪ ದೊಡ್ಡದ ಮಾಡಿ ಬಾ, ಲಗೂ’ ಅಂದಳು. ಹೋಗಿ ಆರಿಸಿದೆ. ಚಪ್ಪಲಿ ಮೆಟ್ಟುವಾಗ ಹೊಳೆಯಿತು. ದೀಪಕ್ಕೆ ‘ಆರಿಸು’ ಅನ್ನುವುದು ಅಪಶಕುನವೆಂದು ನಮ್ಮ ಹಿರಿಯ ಹೆಂಗಸರು ‘ದೊಡ್ಡದು ಮಾಡು’ ಅನ್ನುತ್ತಾರೆ! ಕೂಡಲೇ ಅಜ್ಜಿಗೆ ಫೋನ್ ಹಚ್ಚಿ, ಕಪಿಲರಿಗೆ ಯಾವ ಮಾತಿನಲ್ಲಿ ಹೇಳಿದಿರಿ ಎಂದು ಕೇಳಿದೆ. ‘ಖೋಲ್ಯಾಗಿನ ದೀಪ ದೊಡ್ಡದ ಮಾಡಪಾ ಅಂದೆ. ದೀಪಕ್ಕ ಮತ್ತ ಹೆಂಗ ಅನಬೇಕು?’ ಅಂದರು. ಭೋಪಾಲದಲ್ಲಿ ಬೆಳೆದ ನಿಮಗೆ ಅದು ಹೇಗೆ ತಿಳಿದೀತು? ನಗು ಬಂತು, ಹಿಂದೆಯೇ ಅಳುವೂ ಬಂತು. ನೀವು ಸುಳ್ಳು ಹೇಳಿರಲಿಲ್ಲ.

ಕ್ಷಮಿಸಿ. ನಿಮಗೆ ಅಂದ ಮಾತುಗಳು ನೆನಪಾಗಿ ನಾಚಿಕೆಯಾಗುತ್ತಿದೆ. ರವಿವಾರ ಬರುತ್ತೇನೆ. ಅಡುಗೆ ನೀವೇ ಮಾಡಿ, ಅಜ್ಜಿಯ ಕೈಲಿ ಮಾಡಿಸಬೇಡಿ. ಜೋಧಪುರದ ವಿಷಯ ಸಮಾಧಾನದಿಂದ ಕೂತು ಮಾತಾಡೋಣ.

ಇನ್ನೂ ನಿಮ್ಮವಳೇ,
ಸುರಭಿ

ತಾ.ಕ.: ಪತ್ರ ಮಡಚುವಾಗ ನಿಮ್ಮ ಕಾಕಾನ ಮಗ ಗೌತಮ ಬಂದ. ‘ಕಪಿಲಣ್ಣ ನಿಮ್ಮ ತಾಟು ಕಳಿಸ್ಯಾನ್ರಿ ವೈನಿ, ಹುಷಾರಿಲೆ ತಗೀರಿ ಅಂದಾನ’ ಎಂದು ಡಬ್ಬಿ ಇಟ್ಟು ಹೋದ. ತಳದಲ್ಲಿ, ನಿಮ್ಮ ಕರವಸ್ತ್ರದಲ್ಲಿ ಸುತ್ತಿದ ತಟ್ಟೆಯೊಂದು ಹಸಿರಾಗಿಯೇ ಇದೆ. ಮುಚ್ಚಳದ ಮೇಲೆ ನನ್ನದೇ ಅಕ್ಷರ. ನಾನು ಮದುವೆಗೆ ಹೋಗುವಾಗ ಇದೂ ಆ ದೀಪದ ಕೆಳಗೇ ಇತ್ತು, ಬಂದಾಗ ಗಾಬರಿಯಲ್ಲಿ ನಾನು ತಟ್ಟೆ ಎಣಿಸಲಿಲ್ಲ. ಅಲ್ಲೇ ಇದ್ದಿದ್ದರೆ ಇದು ಉಳಿಯುತ್ತಿರಲಿಲ್ಲ. ಗುಂಡಿ ತಿರುವುವ ಮೊದಲೇ ಇದೊಂದನ್ನು ತೆಗೆದು ಮುಚ್ಚಿಟ್ಟಿದ್ದೀರಿ. ಅಂದರೆ ಮಿಕ್ಕವು ಸಾಯುತ್ತವೆಂದು ನಿಮಗೆ ಗೊತ್ತಿತ್ತು. ರವಿವಾರ ನಾನು ಬರುವುದಿಲ್ಲ. ನೀವೇ ಬನ್ನಿ. ಇದೊಂದನ್ನು ಯಾಕೆ ಉಳಿಸಿದಿರಿ ಎಂದು ಮೊದಲು ಹೇಳಿ, ಮಿಕ್ಕದ್ದನ್ನು ಆಮೇಲೆ ಕೇಳುತ್ತೇನೆ.