‘ಅರ್ಜಿದಾರರೇ ಹಿಂಪಡೆದಿದ್ದಾರೆ’ ಎಂದು ಬರೆದವರಿಗೆ

ಸೆಪ್ಟೆಂಬರ್ 2008, ಸ್ವೀಡನ್

ಮಾನ್ಯ ಭಾಷಾ ವಿಭಾಗದ ಮುಖ್ಯಸ್ಥರೇ,

ಕಳೆದ ಮಾರ್ಚ್ ಹನ್ನೆರಡರಂದು ನಿಮ್ಮ ಕೋಣೆಯಲ್ಲಿ ನಡೆದ ಸಭೆಯ ಟಿಪ್ಪಣಿಯಲ್ಲಿ ನೀವು ಒಂದು ಸಾಲು ಬರೆದಿರಿ: ‘ಅರ್ಜಿದಾರರೇ ತಮ್ಮ ಕೋರಿಕೆಯನ್ನು ಹಿಂಪಡೆದಿದ್ದಾರೆ.’ ಆ ಒಂದು ಸಾಲಿನಿಂದ ನನ್ನ ಎಂಟು ವರ್ಷದ ಓದು ರದ್ದಾಗಿದೆ. ನಾನು ಏನನ್ನೂ ಹಿಂಪಡೆದಿರಲಿಲ್ಲ. ಹೇಳಬೇಕಾದ್ದು ಇಷ್ಟೇ. ಆದರೆ ರದ್ದಾದ ಮೇಲೆ ಇಷ್ಟನ್ನೇ ಸ್ವೀಡಿಷ್ ಭಾಷೆಯಲ್ಲಿ ಮೂರು ಸಲ ಬರೆದು ಕಳಿಸಿದೆ, ಮೂರು ಸಲವೂ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಒಂದೇ ಉತ್ತರ ಬಂತು. ನನ್ನ ವ್ಯಾಕರಣ ಕೆಟ್ಟಿತ್ತೋ ಏನೋ ಎಂದು ಮೂರನೆಯದನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಂದ ತಿದ್ದಿಸಿದ್ದೆ. ತಪ್ಪಿರಲಿಲ್ಲವಂತೆ. ಹಾಗಾಗಿ ಈ ನಾಲ್ಕನೆಯದನ್ನು ಕನ್ನಡದಲ್ಲಿ ಬರೆದು ಇಲ್ಲಿನ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಕೊಡುತ್ತಿದ್ದೇನೆ. ನೀವು ಓದಲಾರಿರಿ ಎಂಬುದು ನನಗೆ ಗೊತ್ತು. ಓದಬಲ್ಲವರು ನಾಲ್ಕು ಜನ ಓದಿದರೂ ಹಿಂದಿನ ಮೂರು ಪತ್ರಕ್ಕಿಂತ ಇದಕ್ಕೆ ಒಳ್ಳೆಯ ಗತಿ ಸಿಕ್ಕಂತಾಯಿತು.

ನಿಮ್ಮನ್ನು ಹುದ್ದೆಯಿಂದ ಕರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಈ ದೇಶದಲ್ಲಿ ಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಒಂಬತ್ತು ವರ್ಷ ನಿಮ್ಮ ಕೈಕೆಳಗೆ ಕೆಲಸ ಮಾಡಿದರೂ ನನಗೆ ಅದಕ್ಕೆ ಬಾಯಿ ಬರಲಿಲ್ಲ.

ಈ ಸಂಚಿಕೆಯ ಓದುಗರಿಗೆ ನನ್ನ ಪರಿಚಯ ಹೇಳಬೇಕು. ನಾನು ಕುಂದಾಪುರದವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಮದುವೆಯಾದ ಮೇಲೆ ನನ್ನ ಗಂಡ ಪ್ರಜ್ಞೇಶ್‌ಗೆ ಚೀನಾದ ನಾನ್‌ಜಿಂಗ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಅಲ್ಲಿ ಆರು ವರ್ಷ ಇದ್ದೆವು. ಮಾತಾಡಲು ಯಾರೂ ಇಲ್ಲದೆ ಹುಚ್ಚು ಹಿಡಿಯುವುದೊಂದು ಬಾಕಿ ಎನ್ನುವಾಗ ಮೇಲಿನ ಮನೆಯ ಅಜ್ಜಿಯೊಬ್ಬರು ತರಕಾರಿ ಹೆಸರಿನಿಂದ ಶುರುಮಾಡಿ ನನಗೆ ಚೀನೀ ಕಲಿಸಿದರು. ಆಮೇಲೆ ಅಲ್ಲೇ ಚೀನೀ ಭಾಷೆಯಲ್ಲೇ ಶಿಕ್ಷಣಶಾಸ್ತ್ರದ ಎಂ.ಎ. ಮಾಡಿದೆ. ತೊಂಬತ್ತೆಂಟನೆಯ ಇಸವಿಯಲ್ಲಿ ಪ್ರಜ್ಞೇಶ್‌ಗೆ ಸೋಡರ್‌ಟೆಲ್ಯೆಯಲ್ಲಿ ಕೆಲಸವಾಗಿ ಸ್ವೀಡನ್ನಿಗೆ ಬಂದೆವು. ಮನೆ ಸಿಕ್ಕಿದ್ದು ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ದೂರದ ಈ ಊರಿನಲ್ಲಿ.

ಈ ದೇಶದ ಶಾಲೆಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಬೇರೆ ಮಾತೃಭಾಷೆಯ ಐದು ಮಕ್ಕಳು ಸೇರಿದರೆ ಕೊಮ್ಮೂನ್, ಅಂದರೆ ಇಲ್ಲಿನ ನಗರಸಭೆ, ಆ ಭಾಷೆಗೊಬ್ಬ ಅಧ್ಯಾಪಕರನ್ನು ನೇಮಿಸುತ್ತದೆ. ಕನ್ನಡಕ್ಕೆ ನನ್ನ ಮಗಳು ಕೃತಿಯನ್ನು ಹಿಡಿದು ಇಬ್ಬರೇ ಆದರು. ಚೀನೀ ಭಾಷೆಗೆ ಹನ್ನೆರಡು ಮಕ್ಕಳಿದ್ದರು. ಹಾಗಾಗಿ ಸೀರೆ ಉಟ್ಟುಕೊಂಡು ಸಂದರ್ಶನಕ್ಕೆ ಬಂದ ನನ್ನನ್ನು ನೀವು ಚೀನೀ ಮಾತೃಭಾಷೆಯ ಅಧ್ಯಾಪಕಿಯಾಗಿ ನೇಮಿಸಿಕೊಂಡಿರಿ. ಮೊದಲ ದಿನ ಮಗನನ್ನು ಬಿಡಲು ಬಂದ ರೆಸ್ಟೋರೆಂಟಿನ ಯಜಮಾನರು ನನ್ನನ್ನು ನೋಡಿ, ‘ಟೀಚರ್ ಯಾವಾಗ ಬರ್ತಾರೆ?’ ಎಂದು ಸ್ವೀಡಿಷ್‌ನಲ್ಲಿ ಕೇಳಿದರು. ನಾನೇ ಎಂದು ಚೀನೀಯಲ್ಲಿ ಹೇಳಿದಾಗ ಅವರು ಸುಮ್ಮನೆ ಬೆಂಚಿನ ಮೇಲೆ ಕೂತುಬಿಟ್ಟರು.

ಆ ಹನ್ನೆರಡು ಮಕ್ಕಳಲ್ಲಿ ಏಳು ಮಂದಿ ಚೀನಾದಿಂದ ದತ್ತು ಬಂದವರು. ಸ್ವೀಡಿಷ್ ಅಪ್ಪ ಅಮ್ಮ, ಸ್ವೀಡಿಷ್ ಹೆಸರು. ಒಂದೂವರೆ ವರ್ಷದವರೆಗೆ ಕೇಳಿದ್ದ ಮಾತು ಕಿವಿಯ ಯಾವ ಮೂಲೆಯಲ್ಲಿ ಉಳಿದಿರುತ್ತದೆ, ಅದನ್ನು ಹೇಗೆ ಮರಳಿ ಕರೆಯಬೇಕು ಎಂಬುದು ನನ್ನನ್ನು ಕಾಡತೊಡಗಿತು. ಹಾಂಗ್‌ಕಾಂಗ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ವೃತ್ತಿಪರ ಡಾಕ್ಟರೇಟ್‌ಗೆ ಸೇರಿದೆ. ಪಾಠ, ಪರೀಕ್ಷೆ, ಪ್ರಬಂಧ ಎಲ್ಲವೂ ಚೀನೀ ಭಾಷೆಯಲ್ಲಿ. ಇದು ಗ್ರಂಥಾಲಯದಲ್ಲಿ ಕೂತು ಬರೆಯುವ ಪಿಎಚ್.ಡಿ. ಅಲ್ಲ, ಪಾಠ ಹೇಳುವವರು ತಮ್ಮ ತರಗತಿಯನ್ನೇ ಇಟ್ಟುಕೊಂಡು ಮಾಡುವ ಅಧ್ಯಯನ. ಪ್ರತಿ ಬೇಸಿಗೆಯಲ್ಲಿ ಎರಡು ವಾರ ಅಲ್ಲಿಗೆ ಹೋಗಿ ಕೂರಬೇಕು, ಉಳಿದದ್ದು ಅಂಚೆಯಲ್ಲಿ. ನನ್ನ ಜೊತೆಗಿದ್ದವರೆಲ್ಲ ಚೀನಾದ ಹೆಡ್‌ಮಾಸ್ತರುಗಳು. ಅವರು ಒಂದು ದಿನದಲ್ಲಿ ಓದುವುದನ್ನು ನಾನು ನಿಘಂಟು ಹಿಡಿದು ನಾಲ್ಕು ದಿನ ಓದುತ್ತಿದ್ದೆ. ಬಸ್ಸಿನಲ್ಲಿ ಓದಿದೆ, ಕೃತಿಯ ಈಜು ಕ್ಲಾಸಿನ ಹೊರಗೆ ಓದಿದೆ, ಅನ್ನ ಬೇಯುವಾಗ ಓದಿದೆ. ಇನ್ನೂರ ಹನ್ನೆರಡು ಪುಟದ ಪ್ರಬಂಧವನ್ನು ಇಬ್ಬರು ಪರೀಕ್ಷಕರೂ ಒಪ್ಪಿದರು. ಬಾಕಿ ಉಳಿದದ್ದು ಒಂದೇ ಕಾಗದ: ‘ಈ ಅಧ್ಯಯನ ನಮ್ಮಲ್ಲಿ ನಡೆದದ್ದು ಹೌದು’ ಎಂದು ಕೆಲಸದ ಸ್ಥಳದ ಮುಖ್ಯಸ್ಥರ ಸಹಿ. ಅಂದರೆ ನಿಮ್ಮದು. ಗಡುವು 2008ರ ಆಗಸ್ಟ್ ಮೂವತ್ತೊಂದು. ಎಂಟು ವರ್ಷ ದಾಟಿದರೆ ನೋಂದಣಿ ತಾನಾಗಿಯೇ ಹೋಗುತ್ತದೆ.

ಕೊಮ್ಮೂನಿನ ಮಕ್ಕಳ ವಿಷಯವಾದ್ದರಿಂದ ಓದದೆ ಸಹಿ ಹಾಕಲಾಗದು ಎಂದಿರಿ. ಸರಿಯಾದ ಮಾತು. ನಾನೂ ಹಾಗೇ ಹೇಳುತ್ತಿದ್ದೆ. ನಿಮಗೆ ಚೀನೀ ಬಾರದ್ದರಿಂದ ಪ್ರಬಂಧವನ್ನು ಕೊಮ್ಮೂನಿನ ಭಾಷಾಂತರ ಸೇವೆಗೆ ಕಳಿಸಿದಿರಿ. ಅದೂ ಸರಿ. ಹತ್ತು ದಿನದ ಮೇಲೆ ನನ್ನ ಮನೆಗೆ ಒಂದು ದಪ್ಪ ಲಕೋಟೆ ಬಂತು. ಒಡೆದರೆ ನನ್ನದೇ ಪ್ರಬಂಧ. ಜೊತೆಗೊಂದು ಪತ್ರ: ‘ನಮ್ಮ ಪಟ್ಟಿಯಲ್ಲಿರುವ ಚೀನೀ ಭಾಷೆಯ ಏಕೈಕ ಭಾಷಾಂತರಕಾರರು ತಾವಾದ್ದರಿಂದ, ಲಗತ್ತಿಸಿದ ಬರಹವನ್ನು ಓದಿ, ಇದರಲ್ಲಿ ಆಕ್ಷೇಪಾರ್ಹವಾದದ್ದು ಏನಾದರೂ ಇದೆಯೇ ಎಂದು ತಿಳಿಸತಕ್ಕದ್ದು.’

ಆಗ ನಗು ಬಂತು. ಈ ಇಡೀ ವ್ಯವಹಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ. ‘ಆಕ್ಷೇಪಾರ್ಹವಾದದ್ದು ಏನೂ ಇಲ್ಲ, ಬರಹ ಅತ್ಯುತ್ತಮವಾಗಿದೆ’ ಎಂದು ಬರೆದು ಸಹಿ ಹಾಕಿ ಕಳಿಸಿದ್ದರೆ ಇವತ್ತು ನಾನು ಡಾಕ್ಟರ್ ಕುಮುದಾ. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ಪ್ರಾಮಾಣಿಕಳಾಗಿ, ‘ಇದು ನನ್ನದೇ ಬರಹ, ನಾನು ಪರಿಶೀಲಿಸುವುದು ಸರಿಯಲ್ಲ’ ಎಂದು ವಾಪಸ್ ಕಳಿಸಿದೆ. ನೀವು ಕಡತದಲ್ಲಿ ‘ಓದುಗರು ಲಭ್ಯವಿಲ್ಲ’ ಎಂದು ಬರೆದಿರಿ. ಈಗೀಗ ಅನಿಸುತ್ತದೆ, ಸುಳ್ಳು ಹೇಳಬೇಕಿತ್ತು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಹಾಗೆ ಅನಿಸಬಾರದು, ಆದರೆ ಅನಿಸುತ್ತದೆ.

ಇನ್ನು ಮಾರ್ಚ್ ಹನ್ನೆರಡರ ಸಭೆ. ನಿಮ್ಮ ಕೋಣೆ, ಮೇಜಿನ ಮೇಲೆ ಕಾಫಿ, ದಾಲ್ಚಿನ್ನಿ ಬನ್ನು. ಬೇರೆ ಊರಿನಿಂದ ಓದುಗರನ್ನು ಹುಡುಕಬಹುದು, ಆದರೆ ಅದಕ್ಕೆ ಬಹಳ ಓಡಾಟವಿದೆ ಎಂದಿರಿ. ಆಮೇಲೆ ಕೇಳಿದಿರಿ, ‘ಇದನ್ನು ಮುಂದುವರಿಸಬೇಕು ಅಂತ ನಿಮಗೆ ಇದೆಯಾ?’ ನಾನು ಹೇಳಿದೆ, ‘ನಿಮಗೆ ತೊಂದರೆ ಆಗೋದಾದ್ರೆ ಬೇಡ ಬಿಡಿ.’ ನೀವು ‘ಒಳ್ಳೆಯದು’ ಎಂದಿರಿ. ನಾನೂ ‘ಒಳ್ಳೆಯದು’ ಎಂದೆ. ನೀವು ಏನೋ ಬರೆದುಕೊಂಡಿರಿ. ನಾನು ಬನ್ನನ್ನೂ ಮುಟ್ಟದೆ ಎದ್ದು ಬಂದೆ, ಏಕೆಂದರೆ ಅದನ್ನೂ ನೀವು ಒಂದು ಸಲ ಮಾತ್ರ ತಗೊಳ್ಳಿ ಎಂದಿದ್ದಿರಿ.

ಮುಖ್ಯಸ್ಥರೇ, ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುತ್ತೇವೆ. ಬಡಿಸುವವರು ಹಾಗೆಂದ ಮಾತ್ರಕ್ಕೆ ಮುಂದೆ ಹೋಗುವುದಿಲ್ಲ. ಹೋದರೆ ಅವರ ಮನೆಯ ಮರ್ಯಾದೆ ಹೋಯಿತು. ಒಮ್ಮೆಗೇ ‘ಹಾಕಿ’ ಎಂದರೆ ನಮ್ಮ ಮರ್ಯಾದೆ ಹೋಯಿತು. ಎರಡನೆಯ ಸಲ ಕೇಳುತ್ತಾರೆ ಎಂಬ ನಂಬಿಕೆಯ ಮೇಲೆ ಮೊದಲ ಸಲ ಬೇಡ ಎನ್ನುವುದು. ಚೀನಾದವರೂ ಹೀಗೆಯೇ, ಅವರಲ್ಲಿ ಮೂರು ಸಲ ಬೇಡ ಎನ್ನಬೇಕು. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ನಲವತ್ತು ಪುಟ ಇದನ್ನೇ ಬರೆದಿದ್ದೇನೆ: ರೆಸ್ಟೋರೆಂಟಿನ ಯಜಮಾನರ ಮಗ ಪೆನ್ಸಿಲ್ ಕೊಟ್ಟರೂ ಮೊದಲು ಬೇಡ ಎನ್ನುತ್ತಾನೆ, ದತ್ತು ಬಂದ ಮಕ್ಕಳು ಥಟ್ಟನೆ ತೆಗೆದುಕೊಳ್ಳುತ್ತಾರೆ, ಸ್ವೀಡಿಷ್ ಅಧ್ಯಾಪಕರು ಆ ಹುಡುಗನಿಗೆ ಏನೂ ಬೇಡವೆಂದೇ ತಿಳಿಯುತ್ತಾರೆ. ಇಷ್ಟೆಲ್ಲ ಬರೆದವಳು ನಿಮ್ಮ ಎದುರು ಕೂತು ‘ಬೇಡ ಬಿಡಿ’ ಎಂದೆ. ಇಂಥ ದಡ್ಡತನಕ್ಕೆ ಯಾವ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಬೇಕು ಎಂದು ನೀವು ಕೇಳಬಹುದು. ಆದರೆ ಆ ಅಧ್ಯಾಯ ನಿಮಗೆ ಓದಲು ಸಿಕ್ಕಿದ್ದರೆ ನೀವು ಇನ್ನೊಂದು ಸಲ ಕೇಳುತ್ತಿದ್ದಿರೋ ಏನೋ.

ನೀವು ಓದುಗರನ್ನು ಹುಡುಕುತ್ತಿದ್ದೀರಿ ಎಂದೇ ನಾನು ಜೂನ್‌ವರೆಗೆ ಕಾದೆ. ಜೂನ್ ಕೊನೆಗೆ ಸಭೆಯ ಟಿಪ್ಪಣಿ ಕೈಗೆ ಬಂತು. ಓದಿದ ಕೂಡಲೇ ನಿಮಗೆ ಬರೆದೆ. ‘ರಜೆಯಲ್ಲಿದ್ದೇನೆ, ಆಗಸ್ಟ್ ಹದಿನೆಂಟಕ್ಕೆ ಮರಳುತ್ತೇನೆ’ ಎಂದು ನಿಮ್ಮ ಕಂಪ್ಯೂಟರ್ ಉತ್ತರಿಸಿತು. ಜುಲೈನಲ್ಲಿ ಇಡೀ ಸ್ವೀಡನ್ ಬೀಗ ಹಾಕಿಕೊಂಡು ಕೆರೆ ದಂಡೆಗೆ ಹೋಗುತ್ತದೆ ಎಂಬುದು ಗೊತ್ತಿದ್ದೂ ನಾನು ದಿನಾ ಅಂಚೆ ಪೆಟ್ಟಿಗೆ ನೋಡಿದೆ. ಮರಳಿದ ಮೇಲೆ ನೀವು ಹೊಸ ಅರ್ಜಿ ಹಾಕಿ, ಎಂಟು ವಾರ ಹಿಡಿಯುತ್ತದೆ ಎಂದಿರಿ. ನನ್ನ ಬಳಿ ಹದಿಮೂರು ದಿನ ಇತ್ತು.

ನೋಂದಣಿ ರದ್ದಾಯಿತೆಂಬ ಪತ್ರ ಬಂದಾಗ ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ. ಓದಿ ಫ್ರಿಜ್ಜಿನ ಮೇಲಿಟ್ಟು ಉಳಿದ ಬೀನ್ಸ್ ಹೆಚ್ಚಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಯಾರದೋ ಸುದ್ದಿ ಓದಿದ ಹಾಗೆ ಇದೆ. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರಲಿಲ್ಲ. ಪ್ರಜ್ಞೇಶ್‌ಗೆ ಫೋನ್ ಮಾಡಿದೆ.

‘ಕ್ಯಾನ್ಸಲ್ ಆಯ್ತಂತೆ.’

‘ಏನು, ಟ್ರೇನಾ?’

‘ಡಾಕ್ಟರೇಟು.’

‘ನಾನು ಈಗ್ಲೇ ಹೊರಟು ಬರ್ಲಾ?’

‘ಬೇಡಪ್ಪ, ನಿಮ್ಗೆ ಮೀಟಿಂಗ್ ಇದ್ಯಲ್ಲ. ಮುಗಿಸ್ಕೊಂಡೇ ಬನ್ನಿ.’

ಅವರು ಮುಂದಿನ ರೈಲಿಗೇ ಹತ್ತಿ ಬಂದರು. ನಾನು ಬೇಡ ಎಂದದ್ದನ್ನು ಅವರು ಟಿಪ್ಪಣಿ ಮಾಡಿಕೊಂಡಿರಲಿಲ್ಲ.

ಹದಿನಾರು ವರ್ಷದ ಕೃತಿಗೆ ಮಾತ್ರ ಅರ್ಥವಾಗಲಿಲ್ಲ. ಅವಳು ಸ್ವೀಡಿಷ್‌ನಲ್ಲೇ ಕೇಳಿದಳು, ‘ಅಮ್ಮಾ, ನಿಂಗೆ ಬೇಕಿತ್ತು ಅಂದ್ರೆ ಬೇಕು ಅಂತ ಹೇಳ್ಬೇಕಿತ್ತಲ್ವಾ? ಅವರು ಕೇಳಿದ್ರಲ್ಲ.’ ಅವಳು ಹೇಳಿದ್ದು ತಪ್ಪಲ್ಲ. ನೀವು ಕೇಳಿದ್ದೂ ತಪ್ಪಲ್ಲ. ಆದರೆ ನಾನು ಹೇಳಿದ್ದು ‘ತೊಂದರೆ ಆಗೋದಾದ್ರೆ’ ಎಂದು. ಹಿಂಪಡೆದೆ ಎನ್ನುವುದು ನಿಮ್ಮ ಮಾತು. ನನ್ನ ಬಾಯಿಗೆ ಅದನ್ನು ಹಾಕುವ ಮೊದಲು ‘ಹೀಗೆ ಬರೆಯಲೇ?’ ಎಂದು ಒಂದು ಮಾತು ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಬೇರೆ ಭಾಷೆಯವರ ಮಾತನ್ನು ಕಾಪಾಡುವುದಕ್ಕೆಂದೇ ಇರುವ ಕಚೇರಿಯಲ್ಲಿ ಒಬ್ಬಳ ಒಂದು ಮಾತಿಗೆ ಅಷ್ಟೂ ಬೆಲೆಯಿಲ್ಲವೇ?

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಅಕ್ಟೋಬರ್ ಇಪ್ಪತ್ತರಂದು ವಿಶ್ವವಿದ್ಯಾಲಯದ ಮೇಲ್ಮನವಿ ಸಮಿತಿ ಸೇರುತ್ತದೆ. ವಿದ್ಯಾರ್ಥಿ ತಾನಾಗಿ ಬಿಟ್ಟಿದ್ದರೆ ಅವರು ಕಡತ ತೆರೆಯುವುದಿಲ್ಲ; ಕಚೇರಿಯ ವಿಳಂಬವಾಗಿದ್ದರೆ ಆರು ತಿಂಗಳು ಕೊಡುತ್ತಾರೆ. ‘ಅರ್ಜಿದಾರರು ಹಿಂಪಡೆದಿರಲಿಲ್ಲ, ನಮ್ಮಲ್ಲಿ ಪರಿಶೀಲನೆ ಮುಗಿದಿರಲಿಲ್ಲ’ ಎಂದು ನಿಮ್ಮ ಟಿಪ್ಪಣಿಯನ್ನು ತಿದ್ದಿ, ಸಹಿ ಹಾಕಿ, ಆ ದಿನದೊಳಗೆ ಕಳಿಸಿ. ಆರು ತಿಂಗಳಲ್ಲಿ ಬೇರೆ ಊರಿನ ಓದುಗರೊಬ್ಬರನ್ನು ಹುಡುಕಿ. ಇದರಿಂದ ನಿಮಗೆ ತೊಂದರೆಯಾಗುತ್ತದೆ ಎಂಬುದು ನನಗೆ ಗೊತ್ತು. ಓಡಾಟವಿದೆ, ಪತ್ರ ಬರೆಯಬೇಕು, ಮೇಲಿನವರಿಗೆ ವಿವರಿಸಬೇಕು. ತೊಂದರೆ ತೆಗೆದುಕೊಳ್ಳಿ. ನನಗೆ ಬೇಕು.

ಇಂತಿ,
ಎಂಟು ವರ್ಷ ಓದಿ ಒಂದು ಮರ್ಯಾದೆಯ ಮಾತಿನಲ್ಲಿ ನಪಾಸಾದ,
ನಿಮ್ಮ ಕೊಮ್ಮೂನಿನ ಚೀನೀ ಟೀಚರ್
ಕುಮುದಾ