ಕರೆಂಟ್ ಹೋಗಿತ್ತು

ಮನೆಯಿಂದ,
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡೀ,

ಹೇಗಿದ್ದೀಯೆ? ಗಂಟಲು ಕೆರೆತ ಕಮ್ಮಿಯಾಯಿತೇ? ಫ್ಯಾಕ್ಟರಿಯಲ್ಲಿ ಬಟ್ಟೆಯ ಧೂಳು ಹಾರಾಡುತ್ತದೆ, ಮೂಗಿಗೆ ಕರ್ಚೀಫು ಕಟ್ಟಿಕೋ ಎಂದು ಫೋನಿನಲ್ಲಿ ಹೇಳಿದ್ದೆ, ನೀನು ಹ್ಞೂಂ ಎಂದೆ. ನಿನ್ನ ಹ್ಞೂಂ ಎಂದರೆ ಕಟ್ಟಿಕೊಳ್ಳುವುದಿಲ್ಲ ಎಂದರ್ಥ, ಐವತ್ತು ವರ್ಷದಿಂದ ಕೇಳುತ್ತಿದ್ದೇನೆ. ಮಲಗುವ ಮುಂಚೆ ಬಿಸಿನೀರು ಕುಡಿ. ಹಾಸ್ಟೆಲಿನಲ್ಲಿ ಬಿಸಿನೀರು ಕೇಳಿದರೆ ಮುಖ ಸಿಂಡರಿಸುತ್ತಾರೆ ಎಂದಿದ್ದೆಯಲ್ಲ, ಸಿಂಡರಿಸಿಕೊಳ್ಳಲಿ, ಅವರ ಮುಖ ಅವರದು. ಇನ್ನೂ ಬರೀ ಎಡಗಡೆ ಜೇಬು ಹೊಲಿಯುವ ಕೆಲಸವೇ ಕೊಟ್ಟಿದ್ದಾರೋ, ಇಲ್ಲ ಬಲಗಡೆಗೆ ಬಡ್ತಿ ಸಿಕ್ಕಿತೋ? ಅಳತೆ ತೆಗೆಯುವುದರಿಂದ ಹಿಡಿದು ಇಸ್ತ್ರಿ ಹಾಕುವವರೆಗೆ ಒಂದು ಇಡೀ ಉಡುಪನ್ನು ಒಬ್ಬಳೇ ಮುಗಿಸಬಲ್ಲವಳು ಬೆಳಗಿನಿಂದ ಸಂಜೆಯವರೆಗೆ ಎಡ ಜೇಬು ಹೊಲಿಯುತ್ತಾಳೆ ಎಂದು ನೆನೆದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಗುಂಡಿ ಎಂದು ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೂರು ವರ್ಷದವಳಿದ್ದಾಗ ಅಮ್ಮನ ಡಬ್ಬಿಯಿಂದ ಕೋಟಿನ ಗುಂಡಿ ನುಂಗಿ ಮನೆಮಂದಿಯನ್ನೆಲ್ಲ ಎರಡು ದಿನ ಕಾಯಿಸಿದವಳಿಗೆ ನನ್ನ ಬಾಯಲ್ಲಿ ಬೇರೆ ಹೆಸರು ಬರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರದು ಏನು ಮಾತು ಹೇಳು. ಊಟ ಆಯ್ತಾ? ಆಯ್ತು. ನಿಂದು? ಆಯ್ತು. ಆಮೇಲೆ ಯಾರು ಮೊದಲು ಇಡುವುದು ಎಂದು ಕಾಯುತ್ತಾ ಇಬ್ಬರೂ ಸುಮ್ಮನೆ ಉಸಿರಾಡುತ್ತೇವೆ. ನೀನು ಪೆಟ್ಟಿಗೆ ಕಟ್ಟಿಕೊಂಡು ಹೋಗಿ ಎಂಟು ತಿಂಗಳಾಯಿತು. ಎಂಟು ತಿಂಗಳಿಂದ ಪ್ರತಿ ಭಾನುವಾರ ತಪ್ಪದೆ ಊಟ ಆಗಿದೆ, ಮಾತು ಮಾತ್ರ ಆಗಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನು ಇಟ್ಟುಬಿಡಲಾರೆ.

ಸುದ್ದಿ ಏನೆಂದರೆ, ನಮ್ಮ ಮನೆಗೆ ಸೋಲಾರ್ ಹಾಕಿಸಿದೆ. ಹೌದು, ನಾನೇ. ಕಣ್ಣರಳಿಸಬೇಡ. ನೀನು ಮೂರು ಸಲ ಕೇಳಿದ್ದೆ. ದಿನಕ್ಕೆರಡು ಸಲ ಕರೆಂಟ್ ಹೋಗುತ್ತೆ, ಮಿಷನ್ನಿನ ಮೋಟಾರ್ ನಿಂತು ಕೈಕಟ್ಟಿ ಕೂರಬೇಕು, ಗಿರಾಕಿಗಳ ಹತ್ತಿರ ಮಾತು ಕೇಳಬೇಕು, ಹಾಕಿಸೋಣ ಅಕ್ಕಾ ಎಂದು ಗೋಗರೆದಿದ್ದೆ. ಮೊದಲ ಸಲ, ನಮ್ಮ ತಾರಸಿ ಅಷ್ಟು ಭಾರ ತಡೆಯುವುದಿಲ್ಲ ಎಂದೆ. ಎರಡನೇ ಸಲ, ಬ್ಯಾಟರಿ ಸಿಡಿಯುತ್ತದಂತೆ, ಯಾರೋ ಹೇಳಿದರು ಎಂದೆ. ಯಾರು ಹೇಳಿದ್ದು ಎಂದು ನೀನು ಪಟ್ಟು ಹಿಡಿದಾಗ ಹೇಳಲು ನನಗೆ ಯಾರೂ ಸಿಗಲಿಲ್ಲ. ಮೂರನೇ ಸಲ ನೀನು ತಂದಿಟ್ಟ ಕರಪತ್ರವನ್ನೇ ಕತ್ತರಿಸಿ ತೋಳಿನ ಅಳತೆಯ ಕಾಗದ ಮಾಡಿಕೊಂಡುಬಿಟ್ಟೆ. ಅಂದು ನೀನು ಜಗಳ ಆಡಲಿಲ್ಲ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದೆ. ಜಗಳ ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಹಾಕಲು ಬಂದವರು ಗಂಡ ಹೆಂಡತಿ. ಇಬ್ಬರಿಗೂ ಇದೇ ಕಸುಬು. ಆತ ಕೆಳಗೆ ವೈರಿಂಗ್ ಮಾಡುತ್ತಾನೆ, ಆಕೆ ಮೇಲೆ ಸೋಲಾರ್ ಹಲಗೆ ಕೂರಿಸುತ್ತಾಳೆ. ಯಾಕಪ್ಪಾ ಹೀಗೆ ಎಂದು ಕೇಳಿದರೆ ಆತ ಸ್ವಲ್ಪವೂ ನಾಚಿಕೊಳ್ಳದೆ, "ನಾನು ಕರೆಂಟಿಗೆ ಹೆದರಲ್ಲ ಅಕ್ಕಾ, ಏಣಿಗೆ ಹೆದರ್ತೀನಿ" ಎಂದ. ಎರಡು ದಿನ ಮನೆ ಗಿಜಿಗಿಜಿ. ಆಕೆ ತಾರಸಿಯಿಂದ "ಏನ್ರೀ, ಬೋಲ್ಟ್ ಕಳಿಸ್ತೀರೋ, ನಾನೇ ಇಳಿದು ಬರ್ಲೋ?" ಎಂದು ಕೂಗುವುದು, ಈತ "ಕಳಿಸ್ದೆ ಕಣೆ, ಗಂಟಲು ಹರ್ಕೋಬೇಡ" ಎಂದು ಬಕೆಟ್ಟಿಗೆ ಹಗ್ಗ ಕಟ್ಟುವುದು. ಮೊದಲ ದಿನ ನಾಲ್ಕು ಹಲಗೆಗಳನ್ನೂ ನೀರಿನ ಟ್ಯಾಂಕಿನ ಪಕ್ಕ ಇಟ್ಟಿದ್ದರು. ಮೂರು ಗಂಟೆಗೆ ಟ್ಯಾಂಕಿನ ನೆರಳು ಸರಿದು ಬಂದು ಒಂದರ ಮೂಲೆಗೆ ಬಿತ್ತು. ಅಷ್ಟೇ ತಾನೆ, ಬಿಡಿ ಎಂದೆ ನಾನು. ಆಕೆ ಬಿಡಲಿಲ್ಲ. ಒಂದರ ಮೇಲೆ ನೆರಳು ಬಿದ್ದರೂ ನಾಲ್ಕೂ ಮಂಕಾಗುತ್ತವೆ ಎಂದು ಎಲ್ಲವನ್ನೂ ಬಿಚ್ಚಿ ಆಚೆ ಗೋಡೆಯ ಕಡೆಗೆ ಸರಿಸಿದಳು. ಇನ್ವರ್ಟರನ್ನು ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ಹಾಕಿದ್ದಾರೆ. ಬ್ಯಾಟರಿಗೆ ಗಾಳಿ ಆಡುವ ಜಾಗ ಬೇಕಂತೆ, ನೀನು ಕತ್ತರಿಸುವ ಮೇಜಿನ ಪಕ್ಕ ಕಿಟಕಿಯ ಕೆಳಗೆ ಇಟ್ಟರು. ಚಿಂದಿ ಬಟ್ಟೆಯ ಗಂಟುಗಳನ್ನು ನಾನೇ ಎತ್ತಿದೆ. ನಿನ್ನ ಸ್ಟೂಲನ್ನು ಎತ್ತಲು ಬಿಡಲಿಲ್ಲ, ಅದಕ್ಕೆ ಅಡ್ಡವಾಗದ ಹಾಗೆ ವೈರು ಎಳೆಯಿರಿ ಎಂದೆ. ಆತ ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ.

ಕೆಲಸ ಶುರುಮಾಡುವ ಮುಂಚೆ ಒಂದು ಪಟ್ಟಿ ಮಾಡಬೇಕಂತೆ. ಕರೆಂಟ್ ಹೋದಾಗ ಇಡೀ ಮನೆ ಬ್ಯಾಟರಿಯ ಮೇಲೆ ನಡೆಯುವುದಿಲ್ಲ, ಏನೇನು ನಡೆಯಬೇಕು, ಏನೇನು ನಿಲ್ಲಬಹುದು ಎಂದು ಮೊದಲೇ ಆರಿಸಿ ಅಷ್ಟಕ್ಕೆ ಮಾತ್ರ ಬೇರೆ ಲೈನು ಎಳೆಯುತ್ತಾರೆ. ಪರೀಕ್ಷೆಗೆ ಕೂತಂತಾಯಿತು ನನಗೆ. ಇಸ್ತ್ರಿಪೆಟ್ಟಿಗೆ ಎಂದೆ. ಅದೊಂದು ಕೇಳಬೇಡಿ ಅಕ್ಕಾ, ಬ್ಯಾಟರಿಯನ್ನೇ ನುಂಗಿಬಿಡುತ್ತೆ ಎಂದ. ಸರಿ, ಹೊಲಿಯುವ ಕೋಣೆಯ ದೀಪ ಎರಡು, ಫ್ಯಾನು ಒಂದು, ಅಡುಗೆಮನೆಯ ದೀಪ ಒಂದು, ಮಿಷನ್ ಎರಡು. ಆತ ಪೆನ್ಸಿಲ್ ನಿಲ್ಲಿಸಿ "ಎರಡು ಮಿಷನ್ನಾ? ಹೊಲಿಯೋರು ನೀವೊಬ್ಬರೇ ಅಲ್ವಾ?" ಎಂದು ಕೇಳಿದ. "ಇಬ್ಬರು" ಎಂದೆ. ಬಾಯಿಂದ ಬಂದುಬಿಟ್ಟಿತು. ಆತ ಸುತ್ತ ಒಮ್ಮೆ ಕಣ್ಣು ಹಾಯಿಸಿ, ನಿನ್ನ ಮಿಷನ್ನಿನ ಮೇಲೆ ಮುಚ್ಚಿದ್ದ ಬಟ್ಟೆಯನ್ನು ನೋಡಿ, ಎರಡು ಎಂದು ಬರೆದುಕೊಂಡ. ಮುಗಿಸಿ ಹೋಗುವಾಗ ನಿನ್ನ ಮಿಷನ್ನಿಗೂ ಹೊಸ ಪ್ಲಗ್ಗು ಹಾಕಿ, ಬಟ್ಟೆ ಸರಿಸಿ, ಒಂದು ನಿಮಿಷ ಓಡಿಸಿ ನೋಡಿದ. ನಾನು ಅಡುಗೆಮನೆಯಲ್ಲಿದ್ದೆ. ಆ ಸದ್ದಿಗೆ ಕೈಯಲ್ಲಿದ್ದ ಲೋಟ ಹಾಗೇ ಹಿಡಿದುಕೊಂಡು ಬಾಗಿಲವರೆಗೆ ಓಡಿಬಂದೆ. ನಿನ್ನ ಮಿಷನ್ನಿನ ಸದ್ದೇ ಬೇರೆ ಅಲ್ಲವೇ, ಗೊಣಗಿದ ಹಾಗೆ.

ಅವರಿಬ್ಬರೂ ಏಣಿ, ಹಗ್ಗ, ಜಗಳ ಎಲ್ಲ ಎತ್ತಿಕೊಂಡು ಹೋದ ಮೇಲೆ ಮನೆ ಬಿಕೋ ಎಂದಿತು. ಎರಡು ದಿನ ಬೇರೆಯವರ ಜಗಳ ಕೇಳಿ ಅಭ್ಯಾಸವಾಗಿಬಿಟ್ಟಿತ್ತು ಎಂದು ಕಾಣುತ್ತದೆ. ಅವರಿಗೆಂದು ಮಾಡಿದ ಚಹಾ ಉಳಿದಿತ್ತು, ಅದನ್ನೇ ಬಿಸಿಮಾಡಿಕೊಂಡು ಕುಡಿದೆ. ಮಾರನೇ ಸಂಜೆ ಆರೂವರೆಗೆ ಮೊದಲ ಸಲ ಕರೆಂಟ್ ಹೋಯಿತು. ಹೋದದ್ದು ನನಗೆ ಗೊತ್ತೇ ಆಗಲಿಲ್ಲ ನೋಡು, ದೀಪ ಮಿಟುಕಲೂ ಇಲ್ಲ. ಎದುರುಮನೆಯ ನರ್ಸ್ ಬೀದಿಯಿಂದಲೇ "ಓಹೋ, ನಿಮ್ಮನೇಲಿ ಮಾತ್ರ ಜಗಜಗಾ ಅಂತಿದೆಯಲ್ಲ!" ಎಂದು ಕೂಗಿದಾಗಲೇ ತಿಳಿದದ್ದು. ಕಿಟಕಿಯಿಂದ ನೋಡಿದೆ. ಎಂದಿನಂತೆ ಎಲ್ಲರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು, ಮಾತು, ನಗು. ನಾವೂ ಹಾಗೆ ಕೂರುತ್ತಿದ್ದೆವಲ್ಲ, ಕರೆಂಟ್ ಹೋದ ಕೂಡಲೆ ನೀನು ಕತ್ತರಿ ಕೆಳಗಿಟ್ಟು "ಏಳು ಅಕ್ಕಾ, ದೊರೆಗಳು ರಜೆ ಕೊಟ್ರು" ಎನ್ನುತ್ತಿದ್ದೆ. ಆಮೇಲೆ ಗಿರಾಕಿಗಳ ನಡಿಗೆಯನ್ನೆಲ್ಲ ಅಣಕಿಸಿ ತೋರಿಸಿ ನನ್ನ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಿದ್ದೆ. ಈಗ ನನಗೆ ರಜೆ ಇಲ್ಲ. ಬೆಳಕು ಇದೆ, ಫ್ಯಾನು ತಿರುಗುತ್ತಿದೆ, ಎರಡು ಮಿಷನ್ನುಗಳಿಗೂ ಕರೆಂಟ್ ಇದೆ, ನಡುವೆ ನಾನೊಬ್ಬಳು. ಹೊರಗೆ ಹೋಗಿ ಕೂರಬಹುದಿತ್ತು. ಆದರೆ ಮನೆಯಲ್ಲಿ ದೀಪ ಉರಿಯುತ್ತಿರುವಾಗ ಹೊರಗೆ ಬಂದು ಕೂರಲು ಒಂದು ನೆವ ಬೇಕಲ್ಲ. ನನಗೆ ತುಂಬಾ ಒಂಟಿ ಎನಿಸುತ್ತದೆ ಗುಂಡಿ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಆ ಕೋಟಿನ ಮಾತು ಎತ್ತಬಾರದು ಎಂದುಕೊಂಡೇ ಬರೆಯಲು ಕೂತೆ. ಎತ್ತದೆ ಹೋದರೆ ಈ ಕಾಗದವೂ ಊಟ ಆಯ್ತಾ, ಆಯ್ತು ಎಂಬಂತೆಯೇ ಆಗುತ್ತದೆ. ಶಾಲೆಯ ದೊಡ್ಡ ಮೇಡಂ ಅವರ ಕಡುನೀಲಿ ಕೋಟಿಗೆ ಕಪ್ಪು ಕಾಲರ್ ಕೂತಿತ್ತು. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು "ಇದೇನ್ರೀ ಇದು?" ಎಂದರು. ಇಪ್ಪತ್ತಾರು ವರ್ಷದಲ್ಲಿ ನಮ್ಮ ಹೊಲಿಗೆ ನೋಡಿ ಯಾರೂ ಹಾಗೆ ಕೇಳಿರಲಿಲ್ಲ. ನಾನು ಮೊದಲು "ಕರೆಂಟ್ ಹೋಗಿತ್ತು ಮೇಡಂ" ಎಂದೆ. ಅವರ ಹುಬ್ಬು ಇಳಿಯಲಿಲ್ಲ. ಆಗ ನಿನ್ನ ಕಡೆ ತಿರುಗಿ "ಕತ್ತರಿಸೋದು ಇವಳ ಕೆಲಸ. ಕೈಗಿಂತ ಬಾಯಿ ಮುಂದೆ ಓಡಿದ್ರೆ ಹೀಗೇ ಆಗೋದು" ಎಂದುಬಿಟ್ಟೆ. ನೀನು ಕೋಟನ್ನು ಅವರ ಕೈಯಿಂದ ತೆಗೆದುಕೊಂಡು, ಅಲ್ಲೇ ಕೂತು ಕಾಲರ್ ಬಿಚ್ಚಿ, ಹೊಸದು ಕತ್ತರಿಸಿ ಹೊಲಿದುಕೊಟ್ಟೆ. ಒಂದು ವಾರ ನನ್ನೊಡನೆ ಮಾತಿಲ್ಲ. ಎಂಟನೇ ದಿನ ಫ್ಯಾಕ್ಟರಿ ಕೆಲಸದ ಕಾಗದ ತೋರಿಸಿದೆ. ಮನೆಯವರ ಮರ್ಯಾದೆಯನ್ನು ಮನೆಗೆ ಬಂದವರ ಮುಂದೆ ತೆಗೆದದ್ದು ತಪ್ಪು. ಅಷ್ಟನ್ನು ಇಲ್ಲಿ ಬರೆದಿದ್ದೇನೆ, ಓದಿಕೋ.

ಉಳಿದಂತೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕೆಲಸ ಕಡಿಮೆ ಹಿಡಿಯುತ್ತಿದ್ದೇನೆ, ಅಂಚು ಮಡಿಸುವುದು, ಜಿಪ್ ಬದಲಾಯಿಸುವುದು, ಇಷ್ಟೇ. ನಿನ್ನ ಸೂಜಿ ಮುರಿಯದಿರಲಿ, ಮೇಲ್ವಿಚಾರಕಿಯ ಬಾಯಿ ನಿನ್ನ ಮೇಲೆ ಬೀಳದಿರಲಿ, ಹೊತ್ತಿಗೆ ಸರಿಯಾಗಿ ಹಸಿವಾಗಲಿ, ಒಳ್ಳೆಯ ನಿದ್ದೆ ಬರಲಿ. ನಿನ್ನ ಕೋಣೆಯ ಜೊತೆಗಾತಿಗೆ ನಾನು ಕೇಳಿದೆನೆಂದು ಹೇಳು, ನಿನ್ನ ಗೊರಕೆಯನ್ನು ಸಹಿಸಿಕೊಂಡಿರುವುದಕ್ಕೆ ಅವಳಿಗೆ ನನ್ನ ವಿಶೇಷ ಆಶೀರ್ವಾದ.

ಇತಿ,
ನಿನ್ನನ್ನು ಎತ್ತಿ ಆಡಿಸಿದ,
ಆಮೇಲೆ ಆಡಿಕೊಂಡೂ ಬಿಟ್ಟ
ನಿನ್ನ ಅಕ್ಕ

ತಾ.ಕ.: ಕವರಿಗೆ ಹಾಕಿ ಅಂಟಿಸಿದವಳು ಇವತ್ತು ಸೋಮವಾರ ಬೆಳಿಗ್ಗೆ ಮತ್ತೆ ಹರಿದು ತೆಗೆದೆ. ಅಂಚೆ ಡಬ್ಬಿ ತೆರೆಯಲು ಇನ್ನು ಸ್ವಲ್ಪವೇ ಹೊತ್ತಿದೆ, ಬೇಗ ಬರೆಯುತ್ತೇನೆ. ಆ ಕೋಟಿನ ತಪ್ಪು ನಿನ್ನದಲ್ಲ, ನನ್ನದು. ನೀನು ನೀಲಿ ಕಾಲರನ್ನೇ ಕತ್ತರಿಸಿಟ್ಟಿದ್ದೆ. ಪಕ್ಕದಲ್ಲಿದ್ದ ಇನ್ನೊಬ್ಬರ ಕಪ್ಪು ಕಾಲರನ್ನು ಎತ್ತಿಕೊಂಡು ಹೊಲಿದವಳು ನಾನು. ನೀನು ಹೊರಡುವ ಹಿಂದಿನ ದಿನ ನಿನ್ನ ನೀಲಿ ಕಾಲರ್ ಮೇಜಿನ ಹಿಂದೆ ಸಿಕ್ಕಿತು. ಬಿಸಿಲಿಗೆ ಹಿಡಿದು ನೋಡಿದೆ, ನೀಲಿಯೇ. ಅದನ್ನು ಬಚ್ಚಿಟ್ಟು ಬಾಯಿ ಮುಚ್ಚಿಕೊಂಡು ನಿನ್ನನ್ನು ಬಸ್ಸು ಹತ್ತಿಸಿದೆ. ಒಂದೂವರೆ ವರ್ಷದಿಂದ ಮನೆಯೊಳಗಿನ ಬೆಳಕಿನಲ್ಲಿ ನನಗೆ ನೀಲಿ, ಕಪ್ಪು, ಕಂದು ಎಲ್ಲ ಒಂದೇ ಆಗಿದೆ ಗುಂಡಿ. ಹೊಲಿಗೆ ಕೆಟ್ಟಾಗಲೆಲ್ಲ ಕರೆಂಟ್ ಹೋಗಿತ್ತು ಎನ್ನುತ್ತಿದ್ದೆ. ಸೋಲಾರ್ ಬಂದು ಬೆಳಕು ಹೋಗದೇ ಇದ್ದರೆ ಆಮೇಲೆ ಏನೆನ್ನಲಿ? ಬೇಡ ಬೇಡ ಎಂದದ್ದು ಅದಕ್ಕೆ. ಕಣ್ಣಿನದಲ್ಲ, ಬೆಳಕಿನದೇ ದೋಷ ಎಂದು ನನಗೆ ನಾನೇ ತೋರಿಸಿಕೊಳ್ಳಲು ಕೊನೆಗೆ ಹಾಕಿಸಿದೆ. ಗುರುವಾರ ಹೊಸ ದೀಪದ ಕೆಳಗೆ ಎರಡು ದಾರದ ಉಂಡೆ ಇಟ್ಟುಕೊಂಡು ಕೂತೆ. ಯಾವುದು ನೀಲಿ, ಯಾವುದು ಕಪ್ಪು, ಹೇಳಲಾಗಲಿಲ್ಲ. ಶುಕ್ರವಾರ ಕಣ್ಣಿನ ಡಾಕ್ಟರರಿಗೆ ತೋರಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ಇಪ್ಪತ್ತನಾಲ್ಕಕ್ಕೆ ಬಲಗಣ್ಣಿನ ಆಪರೇಷನ್, ಹೆದರುವಂಥದ್ದಲ್ಲ. ಹನಿ ಹಾಕಲು ಎದುರುಮನೆಯ ನರ್ಸ್ ಒಪ್ಪಿದ್ದಾರೆ, ಅದಕ್ಕಾಗಿ ನೀನು ಬರಬೇಕಿಲ್ಲ. ಬರಲೇಬಾರದು ಎನಿಸಿದರೂ ನನ್ನ ಆಕ್ಷೇಪಣೆ ಇಲ್ಲ, ಆದರೆ ಸುಳ್ಳನ್ನು ನಂಬಿಕೊಂಡು ಬಾರದೇ ಇರಬೇಡ. ನಿನ್ನೆ ಸಂಜೆ ದೊಡ್ಡ ಮೇಡಂ ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು, ಅವತ್ತು ಕೋಟಿಗೆ ಕಪ್ಪು ಕಾಲರ್ ಹಾಕಿದ್ದು ನನ್ನ ತಂಗಿಯಲ್ಲ ಮೇಡಂ, ನಾನು, ನಿಮ್ಮ ಮುಂದೆ ಅವಳನ್ನು ಸುಮ್ಮಸುಮ್ಮನೆ ಅಂದೆ ಎಂದು ಹೇಳಿದೆ. ಅವರು "ಯಾವ ಕೋಟು?" ಎಂದು ಕೇಳಿದರು.