ಸೀತಾಳೆ ಸಸಿ ಎಷ್ಟು ಎತ್ತರಕ್ಕೆ

೧೪-೬-೧೯೬೨, ಗುರುವಾರ

ಸಸಿ ತರಿಸಿದ್ದು ತಪ್ಪಾಯಿತೋ ಏನೋ. ಅಂಚೆಯಲ್ಲಿ ಬಂದ, ಮರದ ಮೇಲೆ ಬೆಳೆದು ಗೊಂಚಲು ಹೂ ಬಿಡುವ ನಾಲ್ಕು ಸೀತಾಳೆ ಸಸಿಗಳು ಬೆರಳುದ್ದವೂ ಇಲ್ಲ. ಅಗ್ಗ ಹೌದು, ನಮ್ಮ ಹವೆಗೆ ಒಗ್ಗಿಕೊಂಡೇ ಬೆಳೆಯುತ್ತವೆ, ಆದರೆ ಹೂ ಬಿಡಲು ಆರು ವರ್ಷ. ದೊಡ್ಡ ಗಿಡವನ್ನೇ ತರಿಸಿದ್ದರೆ ಬರುವ ವರ್ಷವೇ ಹೂ. ನೋಡುವ ಆಸೆ ಅವ್ವನದ್ದು, ಅವಳಿಗೀಗ ಎಪ್ಪತ್ತಮೂರು.

ಇದಕ್ಕೆ ಮಣ್ಣು ಬೇಡ ಎಂದು ನಾನು ಹೇಳುವಷ್ಟರಲ್ಲಿ ಅವಳು ಒಂದನ್ನು ಅಡಿಕೆ ಸಸಿಯ ಹಾಗೆ ಗುಂಡಿ ತೋಡಿ, ಸೆಗಣಿ ಹಾಕಿ ನೆಟ್ಟಾಗಿತ್ತು. “ಪಾಪ, ಹೊಟ್ಟೆಗೆ ಎಂತ ಇಲ್ಲದೆ ಬದುಕುದು ಹೇಗೆ?”

ಉಳಿದ ಮೂರನ್ನು ಹಲಸಿನ ಮರಕ್ಕೆ ನನ್ನ ತಲೆಯೆತ್ತರಕ್ಕೆ ನಾರಿನಿಂದ ಕಟ್ಟಿದೆ. ಅವ್ವ ಬಂದು ನೋಡಿದಳು.

“ಕೆಳಗೆ ಕಟ್ಟು ಮಾರಾಯ. ಆರು ವರ್ಷಕ್ಕೆ ನನ್ನ ಬೆನ್ನು ಇನ್ನಷ್ಟು ಬಗ್ಗಿರ್ತದೆ.”